ಎಂಟು ಕುದುರೆಗಳ ಮ್ಯೂಸಿಕಲ್ ರೈಡ್: ಕತ್ತರಿಯಲ್ಲಿ ಮುಖಾಮುಖಿ ಆಗ್ತಿದೆ, ತಾಳ ಕೂಡ್ತಿಲ್ಲ

ಔಂಧ್ ಸವಾರ (ಪುಣೆ)

ಎಲ್ಲರಿಗೂ ನಮಸ್ಕಾರ. ಪುಣೆಯ ಒಂದು ಸವಾರಿ ಶಾಲೆಯಲ್ಲಿ ಜನವರಿ 26ಕ್ಕೆ ಎಂಟು ಕುದುರೆಗಳ ಮ್ಯೂಸಿಕಲ್ ರೈಡ್ (ಸಂಗೀತದ ತಾಳಕ್ಕೆ ಕುದುರೆಗಳ ಸಾಮೂಹಿಕ ಕವಾಯತು) ತಯಾರಾಗುತ್ತಿದೆ. ಮೈಸೂರು ದಸರೆಯ ಪಂಜಿನ ಕವಾಯತು, ಅಶ್ವಾರೋಹಿ ಪೊಲೀಸರ ಶಿಸ್ತು, ಇವೆಲ್ಲ ಮನಸ್ಸಿನಲ್ಲಿಟ್ಟುಕೊಂಡೇ ಹೊರಟಿದ್ದು. ಬಲ್ಲವರು ದಯವಿಟ್ಟು ತಿದ್ದಿ.

ಮೈದಾನ 60 ಮೀಟರ್ ಉದ್ದ, 30 ಮೀಟರ್ ಅಗಲ. ಮರಳು ಬೆರೆಸಿದ ಮಣ್ಣು. ಐದು ಕುದುರೆ ರೇಸಿನಿಂದ ಬಂದ ಥರೋಬ್ರೆಡ್ ತಳಿಯವು, ಮೂರು ರಾಜಸ್ಥಾನದ ಮಾರ್ವಾರಿ ತಳಿಯವು. ಸವಾರರಿಗೆಲ್ಲ ಟ್ರಾಟ್ (ಕುಕ್ಕುಲೋಟ), ಕ್ಯಾಂಟರ್ (ಅದಕ್ಕಿಂತ ವೇಗದ, ನಾಗಾಲೋಟಕ್ಕಿಂತ ನಿಧಾನದ ಓಟ) ಚೆನ್ನಾಗಿ ಬರುತ್ತದೆ. ಒಟ್ಟು ಎಂಟು ನಿಮಿಷದ ಯೋಜನೆ: ಜೋಡಿಜೋಡಿಯಾಗಿ ಒಳಗೆ ಬರುವುದು, ನಾಲ್ಕು ನಾಲ್ಕರ ಎರಡು ಸಾಲು ಮೂಲೆಯಿಂದ ಮೂಲೆಗೆ ಹೋಗುತ್ತಾ ನಡುವೆ ಕತ್ತರಿಯಂತೆ ದಾಟುವುದು, ಆಮೇಲೆ ಗಾಲಿಯಂತೆ ಸುತ್ತುವುದು, ಕೊನೆಗೆ ಎಂಟೂ ಒಂದೇ ಸಾಲಾಗಿ ಪ್ರೇಕ್ಷಕರ ಕಡೆಗೆ ನಾಗಾಲೋಟ. ಬಲಗೈಯಲ್ಲಿ ಬಾವುಟ ಕಟ್ಟಿದ ಬಿದಿರಿನ ಈಟಿ.

ಈಗಿನ ತೊಂದರೆ ಮೂರು. ಕತ್ತರಿಯಲ್ಲಿ ಪ್ರತಿ ಸಲವೂ ಎರಡನೇ ಅಥವಾ ಮೂರನೇ ಕುದುರೆ ಎದುರಿನದಕ್ಕೆ ಅಡ್ಡ ಬಂದು ನಿಂತುಬಿಡುತ್ತದೆ. ಸಾಲಿನಲ್ಲಿ ಕುದುರೆಯಿಂದ ಕುದುರೆಗೆ ಒಂದು ಕುದುರೆಯಷ್ಟು ಜಾಗ ಬಿಟ್ಟಿದ್ದೇವೆ. ಎರಡನೆಯದು, ಡೊಳ್ಳಿನ ರೆಕಾರ್ಡಿಂಗ್ ಹಾಕಿದ್ದೇವೆ, ನಿಮಿಷಕ್ಕೆ 138 ಪೆಟ್ಟು. ಮೊದಲ ಸುತ್ತು ಕೂಡಿದಂತೆ ಕಂಡು ಆಮೇಲೆ ಹೆಜ್ಜೆ ಬೇರೆ, ಡೊಳ್ಳು ಬೇರೆ ಆಗುತ್ತದೆ. ಮೂರನೆಯದು, ಈಟಿಯ ಬಾವುಟ ಪಟಪಟ ಅಂದರೆ ಎರಡು ಕುದುರೆ ಪಕ್ಕಕ್ಕೆ ಜಿಗಿಯುತ್ತವೆ.

ಲಾಯದ ಮೇಷ್ಟ್ರು (ಪುಣೆ)

ನಿಮ್ಮ ಕತ್ತರಿಯಲ್ಲಿ ಸವಾರರ ತಪ್ಪೇನೂ ಇಲ್ಲ, ಲೆಕ್ಕದ ತಪ್ಪು ಇದೆ. ಒಂದು ಕುದುರೆ ಮೂತಿಯಿಂದ ಬಾಲದವರೆಗೆ ಸುಮಾರು 2.4 ಮೀಟರ್. ಒಂದು ಕುದುರೆ ಉದ್ದ ಜಾಗ ಬಿಟ್ಟರೆ ಮೂತಿಯಿಂದ ಮೂತಿಗೆ 4.8 ಮೀಟರ್. ಅಂದರೆ ಇನ್ನೊಂದು ಸಾಲಿನ ಕುದುರೆ ಆ 2.4 ಮೀಟರಿನ ಸಂದಿಯಲ್ಲಿ ಓರೆಯಾಗಿ ನುಗ್ಗಬೇಕು. ಅದರ ಮೈಯೇ ಅಷ್ಟು ಉದ್ದ, ಮೇಲೆ ಹೊಟ್ಟೆಯ ಅಗಲ ಬೇರೆ. ದಾರಿಯೇ ಇಲ್ಲ. ಕುದುರೆ ನಿಂತಿದ್ದು ಸರಿಯಾಗಿಯೇ ಇದೆ.

ಕತ್ತರಿಗೆ ಬಾಲದಿಂದ ಮೂತಿಗೆ ಕನಿಷ್ಠ ಎರಡು ಕುದುರೆ ಉದ್ದ ಬೇಕು, ಮೂತಿಯಿಂದ ಮೂತಿಗೆ 7.2 ಮೀಟರ್. ಎರಡೂ ಸಾಲು ಮೈದಾನದ ಒಂದೇ ತುದಿಯ ಎರಡು ಮೂಲೆಗಳಿಂದ ಹೊರಡಲಿ. ಎರಡನೇ ಸಾಲು ಇದರ ಅರ್ಧ, ಅಂದರೆ 3.6 ಮೀಟರ್ ಹಿಂದೆ ಇರಲಿ. ಹೀಗೆ ಬಿಟ್ಟರೂ ದಾಟುವಾಗ ಒಂದರ ಬಾಲಕ್ಕೂ ಇನ್ನೊಂದರ ಮೂತಿಗೂ ನಡುವೆ ಉಳಿಯುವುದು ಮುಕ್ಕಾಲು ಮೀಟರಿನಷ್ಟು ಮಾತ್ರ. ಆದ್ದರಿಂದ ಮೊದಲ ಎರಡು ವಾರ ಮೂರು ಕುದುರೆ ಉದ್ದ ಬಿಟ್ಟು ಅಭ್ಯಾಸ ಮಾಡಿ, ಆಮೇಲೆ ಎರಡಕ್ಕೆ ಇಳಿಸಿ. ನಿಮ್ಮ ಮೈದಾನದ ಮೂಲೆಯಿಂದ ಮೂಲೆಗೆ 67 ಮೀಟರ್, ನಡುವಿನವರೆಗೆ 33. ಮೂರು ಉದ್ದ ಬಿಟ್ಟರೂ ನಾಲ್ಕು ಕುದುರೆಯ ಸಾಲು 31 ಮೀಟರ್ ಚಿಲ್ಲರೆ. ಮುಂದಾಳು ನಡುಬಿಂದು ಮುಟ್ಟುವ ಹೊತ್ತಿಗೆ ಹಿಂದಿನವರೆಲ್ಲ ಮೂಲೆ ತಿರುಗಿ ನೇರವಾಗಿರುತ್ತಾರೆ. ಇದು ಬಹಳ ಮುಖ್ಯ. ಮೂಲೆ ತಿರುಗುತ್ತಿರುವ ಕುದುರೆಯ ವೇಗವನ್ನು ನಂಬುವಂತಿಲ್ಲ.

ಟ್ರಾಟಿನಲ್ಲಿ ಕುದುರೆ ನಿಮಿಷಕ್ಕೆ ಸುಮಾರು 215 ಮೀಟರ್ ಹೋಗುತ್ತದೆ, ಸೆಕೆಂಡಿಗೆ ಮೂರೂವರೆ ಮೀಟರಿಗಿಂತ ತುಸು ಹೆಚ್ಚು. 7.2 ಮೀಟರ್ ಅಂತರದಲ್ಲಿ ಎರಡು ಸಾಲು ಸೇರಿ ಸೆಕೆಂಡಿಗೊಂದು ಕುದುರೆ ನಡುಬಿಂದು ದಾಟುತ್ತದೆ. ಹೊರಗೆ ನಿಂತವರು ಜೋರಾಗಿ "ಒಂದು, ಎರಡು, ಮೂರು" ಎಂದು ಸೆಕೆಂಡು ಎಣಿಸಲಿ. ಯಾರ ಹೊತ್ತಿಗೆ ಯಾರಿಲ್ಲ ಅನ್ನುವುದು ತಕ್ಷಣ ಗೊತ್ತಾಗುತ್ತದೆ. ನಡುಬಿಂದುವಿಗೆ ರಂಗೋಲಿ ಪುಡಿಯಲ್ಲಿ ಅಡ್ಡಗೀಟು ಹಾಕಿ. ಸುಣ್ಣ ಬೇಡ, ಕಣ್ಣಿಗೆ ಹಾರಿದರೆ ಉರಿ.

ಸವಾರನ ಕಣ್ಣು ಎಲ್ಲಿರಬೇಕು? ಸಂದಿಯನ್ನು ನೋಡಿದವನು ಸಂದಿ ತೆರೆಯುವ ಮೊದಲೇ ಅಲ್ಲಿಗೆ ಹೋಗಿ ಸಿಕ್ಕಿಬೀಳುತ್ತಾನೆ. ಇನ್ನೊಂದು ಸಾಲಿನಲ್ಲಿ ತನಗಿಂತ ಮುಂಚೆ ದಾಟುವ ಕುದುರೆಯ ಬಾಲದ ಬುಡ ನೋಡಿಕೊಂಡು, ಅದರ ಹಿಂದೆಯೇ ಹೋಗಬೇಕು. ತಡವಾದವನು ಓಡಿಸಿ ಹಿಡಿಯಲು ಹೋಗಕೂಡದು. ನಡುಬಿಂದುವಿಗೆ ಹತ್ತು ಮೀಟರ್ ಇರುವಾಗಲೇ ತನ್ನ ಸರದಿ ತಪ್ಪಿದೆ ಅನ್ನಿಸಿದರೆ ಹೊರಗಡೆಗೆ ತಿರುಗಿ, ತನ್ನ ಸಾಲು ಪೂರ್ತಿ ದಾಟಿದ ಮೇಲೆ ಬಾಲಕ್ಕೆ ಸೇರಿಕೊಳ್ಳಲಿ. ಜನರಿಗೆ ಅದು ತಪ್ಪು ಅಂತ ತಿಳಿಯುವುದೂ ಇಲ್ಲ.

ಕುದುರೆ ಹತ್ತುವ ಮುಂಚೆ ಎಂಟೂ ಜನ ಕಾಲ್ನಡಿಗೆಯಲ್ಲಿ ಇದನ್ನು ಮಾಡಬೇಕು, ಅಂತರವನ್ನು ಮೂರನೇ ಒಂದಕ್ಕೆ ಇಳಿಸಿ. ಆಮೇಲೆ ಕುದುರೆಯ ನಡಿಗೆಯಲ್ಲಿ. ನಡಿಗೆಯಲ್ಲಿ ಹತ್ತು ಸಲ ಸತತ ಸರಿಯಾಗದೆ ಟ್ರಾಟಿಗೆ ಹೋಗಬೇಡಿ.

ಇನ್ನು ತಾಳ. ಕುದುರೆ ಹಾಡಿಗೆ ಹೆಜ್ಜೆ ಹಾಕುವುದಿಲ್ಲ. ಹೆಜ್ಜೆಗೆ ಹಾಡು ಕಟ್ಟಬೇಕು. ಪ್ರತಿ ಕುದುರೆಯನ್ನೂ ಅದರ ಸಹಜ ಟ್ರಾಟಿನಲ್ಲಿ ಬಿಟ್ಟು, ಮುಂದಿನ ಎಡಗಾಲು ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ನೆಲ ಮುಟ್ಟಿತು ಎಣಿಸಿ. ಟ್ರಾಟಿನಲ್ಲಿ ಒಂದು ಸುತ್ತಿನ ಹೆಜ್ಜೆಗೆ ಎರಡು ಪೆಟ್ಟು, ಹಾಗಾಗಿ ಬಂದ ಸಂಖ್ಯೆಯನ್ನು ನಾಲ್ಕರಿಂದ ಗುಣಿಸಿದರೆ ನಿಮಿಷದ ಪೆಟ್ಟು. ಎತ್ತರದ ಥರೋಬ್ರೆಡ್ 145ರಿಂದ 150ರ ಹತ್ತಿರ ಇರುತ್ತದೆ, ಗಿಡ್ಡ ಹೆಜ್ಜೆಯ ಮಾರ್ವಾರಿ 156 ದಾಟಬಹುದು. ನಿಮ್ಮ 138 ಯಾವುದಕ್ಕೂ ಹತ್ತಿರವಿಲ್ಲ. ಮೊದಲ ಸುತ್ತಿನಲ್ಲಿ ಕೂಡಿದಂತೆ ಕಂಡದ್ದು ಸವಾರರು ಲಗಾಮು ಎಳೆದು ಹಿಡಿದದ್ದರಿಂದ. ಕೈ ಸೋತ ಮೇಲೆ ಕುದುರೆ ತನ್ನ ಹೆಜ್ಜೆಗೆ ಮರಳಿತು.

ಸಾಲಿನ ಮುಂದೆ ಗಿಡ್ಡ ಹೆಜ್ಜೆಯ ಕುದುರೆ ಇರಲಿ. ಎರಡು ಸಾಲಿಗೆ ಎರಡು ಮಾರ್ವಾರಿ ಮುಂದಾಳು. ಉದ್ದ ಹೆಜ್ಜೆಯದು ಮುಂದಿದ್ದರೆ ಹಿಂದಿನವು ಅಟ್ಟಿಸಿಕೊಂಡು ಓಡುತ್ತವೆ, ಸಾಲು ರಬ್ಬರಿನಂತೆ ಹಿಗ್ಗಿ ಕುಗ್ಗುತ್ತದೆ. ಹಾಡನ್ನು 152ಕ್ಕೆ ಇಡಿ. ಮಾರ್ವಾರಿಯನ್ನು ತುಸು ತಡೆಯುವುದು, ಥರೋಬ್ರೆಡ್ಡನ್ನು ತುಸು ಮುಂದೊತ್ತುವುದು ಎರಡೂ ಸಾಧ್ಯ. ರೆಕಾರ್ಡಿಂಗಿನ ವೇಗ ಐದಾರು ಪ್ರತಿಶತ ಹೆಚ್ಚಿಸಿದರೆ ಕಿವಿಗೆ ತಿಳಿಯುವುದಿಲ್ಲ, 138ರಿಂದ 152 ಅಂದರೆ ಹತ್ತು ಪ್ರತಿಶತ, ಡೊಳ್ಳಿನ ಗುಂಗು ಹೋಗಿ ಡಬ್ಬ ಬಡಿದಂತಾಗುತ್ತದೆ. ಹೊಸದಾಗಿ ನುಡಿಸಿ ರೆಕಾರ್ಡ್ ಮಾಡಿಸಿ. ಡೊಳ್ಳಿನವರೇ ಮೈದಾನಕ್ಕೆ ಬಂದರೆ ಇನ್ನೂ ಒಳ್ಳೆಯದು, ಮುಖ್ಯ ಡೊಳ್ಳಿನವರು ಮುಂದಾಳು ಕುದುರೆಯ ಕಾಲನ್ನೇ ನೋಡುತ್ತಾ ನುಡಿಸಲಿ.

ಎಂಟು ನಿಮಿಷ ಹೆಚ್ಚಾಯಿತು. ಕೆನಡಾದ ಮೌಂಟೆಡ್ ಪೊಲೀಸರ ಮ್ಯೂಸಿಕಲ್ ರೈಡಿನಲ್ಲಿ 32 ಕುದುರೆ. ಒಂದು ಗುಂಪು ಆಕಾರ ಬದಲಿಸುವಾಗ ಇನ್ನೊಂದು ಗುಂಪು ಕಣ್ಣು ತುಂಬುತ್ತದೆ. ಎಂಟರಲ್ಲಿ ಆ ಮರೆ ಇಲ್ಲ, ಎಲ್ಲವೂ ಬಯಲು. ಐದೂವರೆ, ಆರು ನಿಮಿಷಕ್ಕೆ ನಿಲ್ಲಿಸಿ.

ಬಾಗಲಕೋಟಿ ಹುಡುಗ (ಪಿಂಪ್ರಿ)

ಮೇಷ್ಟ್ರು ಅಂತರದ ಲೆಕ್ಕ ಪೂರಾ ಹೇಳ್ಯಾರ. ನಾ ಈಟಿದ್ದ ಹೇಳ್ತೀನ್ರಿ.

ಈಟಿ ಕೊಡೂಕಿಂತ ಮೊದಲ ಒಂದ ಕೈಲೆ ಲಗಾಮು ಹಿಡಿಯೂದ ಕಲಸ್ರಿ. ಬಲಗೈಯಾಗ ಈಟಿ ಅಂದ್ರ ಎರಡೂ ಲಗಾಮು ಎಡಗೈಯಾಗ ಬಂದ್ವು. ರೇಸಿನ ಕುದರಿಗೆ ಇದು ಗೊತ್ತ ಇರೂದಿಲ್ಲ. ಅದಕ್ಕ ಎರಡೂ ಕಡೆ ಬಾಯಿ ಹಿಡದ್ರನ ತಿಳೀತದ, ಕಡಿವಾಣದ ಮ್ಯಾಲ ಭಾರ ಹಾಕಿ ಓಡೂದ ಅದರ ರೂಢಿ. ಕಾಲಿನ ಒತ್ತಿಗೆ, ಸವಾರನ ಕೂಡೂ ಭಾರಕ್ಕ, ಕುತ್ತಿಗಿಗೆ ತಾಗೂ ಲಗಾಮಿಗೆ ತಿರಗಬೇಕು. ಮೂರ್ನಾಕ ವಾರ ಬರೇ ಇದನ್ನ ಮಾಡ್ರಿ, ಬಲಗೈ ತೊಡಿ ಮ್ಯಾಲ ಖಾಲಿ ಇಟ್ಕೊಂಡು. ಹತ್ತ ಮೀಟರಿನ ಸುತ್ತು ಒಂದ ಕೈಲೆ ಎರಡೂ ದಿಕ್ಕಿಗೆ ಸರಿ ಬಂತು ಅಂದ್ರ ಮುಂದ ಹೋಗ್ರಿ.

ಆಮ್ಯಾಲ ಬಾವುಟ ಇಲ್ಲದ ಬರೇ ಬಿದಿರು. ಮೊದಲ ಲಾಯದ ಆಳು ಕೈಯಾಗ ಹಿಡದು ಕುದರಿ ಮುಂದ ನಡೀಲಿ, ಕುದರಿ ಹಿಂದ ಬರಲಿ. ತನಗಿಂತ ಮುಂದ ಓಡಿ ಹೋಗೂ ವಸ್ತುವಿಗೆ ಕುದರಿ ಅಂಜೂದು ಕಡಿಮಿ. ಮರುದಿನ ಅದರ ಹೆಗಲಿಗೆ, ಬೆನ್ನಿಗೆ, ಪಿರ್ರಿಗೆ ಬಿದಿರು ಸಾವಕಾಶ ಸವರ್ರಿ. ಅದಾದ ಮ್ಯಾಲ ಬಾವುಟ ಸುತ್ತಿ ದಾರ ಕಟ್ಟಿದ್ದು, ಆಮ್ಯಾಲ ಒಂದ ಗೇಣು ಬಿಚ್ಚಿದ್ದು, ಕಡೀಕ ಪೂರಾ ಬಿಚ್ಚಿದ್ದು. ಒಂದೊಂದಕ್ಕ ಎರಡ ಮೂರ ದಿನ ಕೊಡ್ರಿ. ಬಾವುಟ ಹತ್ತೀ ಅರಿವಿದು ಇರಲಿ. ನೈಲಾನ್, ಸ್ಯಾಟಿನ್ ಗಾಳ್ಯಾಗ ಚಟಚಟ ಅಂತಾವು, ನಿಮ್ಮ ಎರಡ ಕುದರಿ ಜಿಗಿಯೂದು ಅದಕ್ಕ ಅಂತ ನನಗ ಅನಸ್ತದ.

ಬಿದಿರು ಎಂಟ ಅಡಿ ಸಾಕು. ಬುಡಕ್ಕ ಬಲ ರಿಕಾಬಿನ ಹೊರಗ ಒಂದ ಚರ್ಮದ ಬಟ್ಟಲು ಹೊಲಸ್ರಿ, ಬುಡ ಅದರಾಗ ಕೂಡಬೇಕು. ನಡು ಭಾಗಕ್ಕ ಚರ್ಮದ ಕುಣಿಕಿ ಹಾಕಿ ಮೊಳಕೈಗೆ ಸಿಗಸ್ರಿ. ಬಟ್ಟಲು ಇಲ್ಲಂದ್ರ ಪೂರಾ ಭಾರ ಮುಂಗೈ ಮ್ಯಾಲ ಬೀಳ್ತದ, ಎರಡನೇ ನಿಮಿಷಕ್ಕ ಈಟಿ ವಾಲಿ ಪಕ್ಕದ ಕುದರಿ ಕಣ್ಣಿಗೆ ಬಾವುಟ ಬಡೀತದ. ಕುಣಿಕಿ ಮಣಿಕಟ್ಟಿಗೆ ಬಿಗಿಯಾಗಿ ಮಾತ್ರ ಕಟ್ಟಬ್ಯಾಡ್ರಿ. ಸವಾರ ಬಿದ್ರ ಈಟಿ ಕೈ ಬಿಟ್ಟು ಹೋಗಬೇಕು. ತುದಿಗೆ ಕಬ್ಬಿಣದ ಮೊನಿ ಬ್ಯಾಡ, ಮರದ ಗುಂಡು ತುದಿ ಸಾಕು.

ಇನ್ನೊಂದ ಮಾತು ಕೈ ಮುಗದು ಹೇಳ್ತೀನಿ. ಕಡೀಕ ಎಂಟೂ ಒಂದ ಸಾಲಿನ್ಯಾಗ ನಾಗಾಲೋಟ ಅಂದ್ರಲ್ಲ, ಅದನ್ನ ಬಿಡ್ರಿ. ಐದ ರೇಸಿನ ಕುದರಿ ಒಂದ ಗೆರಿ ಮ್ಯಾಲ ನಿಂತು ಮುಂದ ಬಯಲು ಕಂಡ್ರ ಅವಕ್ಕ ಅದು ರೇಸ. ನಿಮ್ಮ ಮೈದಾನ 60 ಮೀಟರ್. ಪೂರಾ ವೇಗದಾಗ ಇರೂ ಕುದರಿ ನಿಲ್ಲಾಕನ 20 ಮೀಟರಿಗಿಂತ ಹೆಚ್ಚು ಬೇಕು, ಎದುರಿಗೆ ಕುಂತಾವರು ಹುಡುಗ್ರು, ಹೆಣಮಕ್ಕಳು. ನಾಕ ಮುಂದ, ನಾಕ ಹಿಂದ, ಎರಡ ಸಾಲು, ಮೆತ್ತಗಿನ ಕ್ಯಾಂಟರಿನ್ಯಾಗ ಬಂದು ಪ್ರೇಕ್ಷಕರಿಗೆ 15 ಮೀಟರ್ ಇರುವಾಗ ನಿಂದರ್ರಿ, ಈಟಿ ಇಳಿಸಿ ಸಲಾಮು ಮಾಡ್ರಿ. ಮಾರ್ವಾರಿ ಮುಂದಿನ ಸಾಲಿನ್ಯಾಗ ಇರಲಿ.

ದಾದರ್ ದೇವಾಡಿಗ (ಮುಂಬಯಿ)

ಸಂಗೀತದ ವಿಷಯದಲ್ಲಿ ಎರಡು ಮಾತು ಸೇರಿಸುತ್ತೇನೆ.

ಸ್ಪೀಕರ್ ಎಲ್ಲಿಟ್ಟಿದ್ದೀರಿ ಮಾರಾಯ್ರೇ? ಹೆಚ್ಚಿನವರು ವೇದಿಕೆಯ ಪಕ್ಕ, ಅಂದರೆ ಮೈದಾನದ ಒಂದು ತುದಿಯಲ್ಲಿ ಇಡುತ್ತಾರೆ. ಶಬ್ದಕ್ಕೆ ಸೆಕೆಂಡಿಗೆ ಸುಮಾರು 340 ಮೀಟರ್ ವೇಗ. 60 ಮೀಟರ್ ಆಚೆಯ ಸವಾರನಿಗೆ ಪೆಟ್ಟು ಕೇಳುವಾಗ 0.18 ಸೆಕೆಂಡ್ ತಡ. ನಿಮಿಷಕ್ಕೆ 152 ಪೆಟ್ಟು ಅಂದರೆ ಪೆಟ್ಟಿನಿಂದ ಪೆಟ್ಟಿಗೆ 0.4 ಸೆಕೆಂಡ್. ಹಾಗಾಗಿ ಆ ತುದಿಯಲ್ಲಿರುವವನಿಗೆ ತಾಳ ಅರ್ಧ ಪೆಟ್ಟಿನಷ್ಟು ಹಿಂದೆ. ಅವನು ಕೇಳಿದಂತೆ ಏಳುತ್ತಾ ಕೂರುತ್ತಾ ಬಂದರೆ ಪ್ರೇಕ್ಷಕರ ಕಣ್ಣಿಗೆ ತಪ್ಪಾಗಿ ಕಾಣುತ್ತದೆ. ಸ್ಪೀಕರನ್ನು ಉದ್ದ ಬದಿಯ ನಡುಮಧ್ಯಕ್ಕೆ ತನ್ನಿ. ಆಗ ಅತಿ ದೂರದ ಮೂಲೆಯೂ ಸುಮಾರು 42 ಮೀಟರ್, ತಡ 0.12 ಸೆಕೆಂಡ್. ಎರಡೂ ತುದಿಯಲ್ಲಿ ಒಂದೊಂದು ಇಡುವ ಆಲೋಚನೆ ಬೇಡ, ನಡುವೆ ಎರಡು ತಾಳ ಕೇಳಿಸಿ ಎಲ್ಲರೂ ಕಂಗೆಡುತ್ತಾರೆ.

ರಾಗ ಯಾವುದಾದರೂ ಆಗಬಹುದು, ನಡೆ ಸರಿ ಇರಬೇಕು. ಟ್ರಾಟಿಗೆ ಎರಡೆಣಿಕೆ, ಅಂದರೆ ಚತುರಶ್ರ. ಕ್ಯಾಂಟರಿನಲ್ಲಿ ಕಾಲು ಮೂರು ಪೆಟ್ಟಿನಲ್ಲಿ ಬೀಳುವುದರಿಂದ ತಿಶ್ರ ನಡೆ ತಾನಾಗಿ ಕೂಡುತ್ತದೆ. ಅಲ್ಲಿ ನಿಮಿಷಕ್ಕೆ ಸುಮಾರು 100 ಆವರ್ತ. ನಡಿಗೆಗೆ ನಿಧಾನದ ನಾಲ್ಕೆಣಿಕೆ. ಖಂಡ, ಮಿಶ್ರ ಚಾಪು ಕೇಳಲು ಎಷ್ಟೇ ಚೆಂದವಾದರೂ ಇಲ್ಲಿ ಬೇಡ. ಐದು, ಏಳು ಪೆಟ್ಟಿನ ನಡೆ ಕುದುರೆಗೆ ಇಲ್ಲ. ಮೈಸೂರಿನ ಪೊಲೀಸ್ ಬ್ಯಾಂಡಿನಲ್ಲಿ ಇಂಗ್ಲಿಷ್ ವಾದ್ಯವೃಂದದ ಜೊತೆ ಕರ್ನಾಟಕ ಶೈಲಿಯದೂ ಇದೆ, ಹಾಗಾಗಿ ನಮ್ಮ ಸಂಗೀತಕ್ಕೆ ಕವಾಯತು ಹೊಂದುವುದಿಲ್ಲ ಅನ್ನುವ ಮಾತನ್ನು ನಂಬಬೇಡಿ.

ಒಂದು ನಡೆಯಿಂದ ಇನ್ನೊಂದಕ್ಕೆ ಹೋಗುವಾಗ ಹಾಡು ಥಟ್ಟನೆ ಬದಲಾಗಬಾರದು. ಹಳೆಯದು ನಿಂತು, ಹೊಸ ವೇಗದಲ್ಲಿ ಎಂಟು ಪೆಟ್ಟು ಬರೀ ಡೊಳ್ಳು, ಆಮೇಲೆ ರಾಗ. ಆ ಎಂಟು ಪೆಟ್ಟಿನಲ್ಲಿ ಸವಾರ ಕುದುರೆಯನ್ನು ಅಣಿ ಮಾಡಿಕೊಳ್ಳುತ್ತಾನೆ.

ಒಂದು ಎಚ್ಚರಿಕೆ: ಕುದುರೆ ತಾಳ ಹಿಡಿಯದಿದ್ದರೂ ಕ್ರಮವನ್ನು ಬಾಯಿಪಾಠ ಮಾಡಿಬಿಡುತ್ತದೆ. ದಿನಾ ಹಾಡು ಹಾಕಿ ಮೊದಲಿಂದ ಕೊನೆಯವರೆಗೆ ಮಾಡಿಸಿದರೆ ಮೂರನೇ ವಾರ ಡೊಳ್ಳು ಕೇಳುತ್ತಲೇ ಹೇಳುವ ಮುಂಚೆ ಕ್ಯಾಂಟರಿಗೆ ಹಾರುತ್ತದೆ. ಪೂರ್ತಿ ತಾಲೀಮು ವಾರಕ್ಕೆ ಎರಡು ಸಲ ಸಾಕು. ಉಳಿದ ದಿನ ತುಂಡು ತುಂಡಾಗಿ, ಹಿಂದುಮುಂದಾಗಿ, ಹಾಡಿಲ್ಲದೆ.

ಶಬ್ದದ ಅಂಜಿಕೆ ತೆಗೆಯಲು ಪುಣೆಯಲ್ಲಿ ನಿಮಗೆ ಬೇಕಾದಷ್ಟು ಅನುಕೂಲ ಉಂಟು. ಗಣೇಶೋತ್ಸವಕ್ಕೆ ಮುಂಚೆ ಮುಠಾ ನದಿಯ ದಂಡೆಯಲ್ಲಿ ಢೋಲ್ ತಾಶಾದವರ ತಾಲೀಮು ವಾರಗಟ್ಟಲೆ ನಡೆಯುತ್ತದೆ. ಈ ವರ್ಷಕ್ಕೆ ಆ ಕಾಲ ಕಳೆಯಿತು, ರೆಕಾರ್ಡಿಂಗ್ ಆದರೂ ಮಾಡಿಟ್ಟುಕೊಂಡು ಹುಲ್ಲು ತಿನ್ನುವ ಹೊತ್ತಿನಲ್ಲಿ ದೂರದಿಂದ ಮೆಲ್ಲಗೆ ಹಾಕಿ, ದಿನಾ ಸ್ವಲ್ಪ ಹತ್ತಿರ, ಸ್ವಲ್ಪ ಜೋರು. ಮೈಸೂರಿನಲ್ಲಿ ದಸರೆಗೆ ಮುಂಚೆ ಆನೆ, ಕುದುರೆಗಳನ್ನು ಒಟ್ಟಿಗೆ ನಿಲ್ಲಿಸಿ ಕುಶಾಲತೋಪಿನ ತಾಲೀಮು ಮಾಡಿಸುವುದು ಇದಕ್ಕೇ. ಒಂದೇ ದಿನಕ್ಕೆ ಬಿಡುವುದಿಲ್ಲ, ಹಲವು ಸುತ್ತು ಮಾಡಿಸುತ್ತಾರೆ.

ಮೆರವಣಿಗೆಗೆ ರಸ್ತೆಗೆ ಇಳಿಸುವ ಯೋಚನೆ ಇದ್ದರೆ: ಡಾಂಬರಿನ ಮೇಲೆ ಬರೀ ನಡಿಗೆ. ಸವೆದ ಲಾಳ ಡಾಂಬರಿನಲ್ಲಿ ಜಾರುತ್ತದೆ, ಬಿಗಿಯಾಗಿ ತಿರುಗಿಸುವಾಗ ಇನ್ನೂ ಹೆಚ್ಚು. ಮುಂಬಯಿ ಪೊಲೀಸರ ಕುದುರೆ ದಳ 1932ರಲ್ಲಿ ನಿಂತುಹೋದದ್ದೇ ವಾಹನ ಹೆಚ್ಚಿದ್ದರಿಂದ. 2020ರ ಗಣರಾಜ್ಯೋತ್ಸವಕ್ಕೆ ಮತ್ತೆ ಬಂದಾಗ ಶಿವಾಜಿ ಪಾರ್ಕಿನ ಪರೇಡಿನಲ್ಲಿ ಕಂಡಿತು.

ಔಂಧ್ ಸವಾರ (ಪುಣೆ)

ಮೂವರಿಗೂ ಮನಸಾರೆ ಧನ್ಯವಾದ. ಮುಂದಾಳುಗಳನ್ನು ಬದಲಿಸಿ, ಮೂರು ಕುದುರೆ ಉದ್ದ ಬಿಟ್ಟು ನಡಿಗೆಯಲ್ಲಿ ಮಾಡಿಸಿದೆವು. ಒಂದೂ ಅಡ್ಡ ಬರಲಿಲ್ಲ. ನಾಗಾಲೋಟ ತೆಗೆದಿದ್ದೇವೆ. ಸ್ಪೀಕರ್ ತುದಿಯಲ್ಲೇ ಇತ್ತು, ನಡುವಿಗೆ ಬರುತ್ತದೆ.

ಗಾಲಿಯ ಬಗ್ಗೆ ಕೇಳುವುದು ಉಳಿಯಿತು. ನಾಲ್ಕು ನಾಲ್ಕರ ಎರಡು ಕೈ, ನಡುವಿನಿಂದ ಹೊರಕ್ಕೆ ಚಾಚಿ ಸುತ್ತಬೇಕು. ಅರ್ಧ ಸುತ್ತಿಗೇ ಕೈ ಬಿಲ್ಲಿನಂತೆ ಬಾಗಿ ಹೊರಗಿನವರು ಹಿಂದೆ ಬೀಳುತ್ತಾರೆ. ಎಲ್ಲರೂ ಟ್ರಾಟಿನಲ್ಲೇ ಇರುತ್ತಾರೆ.

ಲಾಯದ ಮೇಷ್ಟ್ರು (ಪುಣೆ)

ಎಲ್ಲರೂ ಟ್ರಾಟಿನಲ್ಲಿರುವುದೇ ಕಾರಣ. ಅಕ್ಕಪಕ್ಕದ ಕುದುರೆಗೆ ಒಂದು ಮೀಟರ್ ಹಿಡಿಯಿರಿ. ಒಳಗಿನ ಕುದುರೆ ನಡುಬಿಂದುವಿನಿಂದ 1.5 ಮೀಟರ್, ಹೊರಗಿನದು 4.5 ಮೀಟರ್. ಒಂದು ಸುತ್ತಿಗೆ ಹೊರಗಿನದಕ್ಕೆ 28 ಮೀಟರ್, ಒಳಗಿನದಕ್ಕೆ ಒಂಬತ್ತೂವರೆ. ಅಂದರೆ ಮೂರರಲ್ಲೊಂದು ಪಾಲು. ಅಷ್ಟು ಬಿಗಿ ಸುತ್ತಿನಲ್ಲಿ ಹೊರಗಿನ ಕುದುರೆಯನ್ನು ಪೂರ್ತಿ ಟ್ರಾಟಿಗೆ ಬಿಡಲಾಗದು, ನಿಮಿಷಕ್ಕೆ 170 ಮೀಟರಿಗೆ ಇಳಿಸಿದರೆ ಸುತ್ತಿಗೆ ಹತ್ತು ಸೆಕೆಂಡು. ಆ ಹತ್ತು ಸೆಕೆಂಡಿನಲ್ಲಿ ಒಳಗಿನದು ಒಂಬತ್ತೂವರೆ ಮೀಟರ್ ಹೋದರೆ ಸಾಕು, ಸಹಜ ನಡಿಗೆಗಿಂತಲೂ ನಿಧಾನ. ಹಾಗಾಗಿ ಒಳಗಿನದು ಕುಗ್ಗಿಸಿದ ನಡಿಗೆಯಲ್ಲಿ, ಪಕ್ಕದ್ದು ಚುರುಕು ನಡಿಗೆಯಲ್ಲಿ, ಹೊರಗಿನ ಎರಡು ಮಾತ್ರ ಟ್ರಾಟಿನಲ್ಲಿ.

ವೇಗ ಹೇಳುವವನು ಹೊರಗಿನವನು. ಉಳಿದ ಮೂವರೂ ಕತ್ತು ಹೊರಗೆ ತಿರುಗಿಸಿ, ಅವನ ಮೊಣಕಾಲಿಗೆ ತಮ್ಮ ಮೊಣಕಾಲು ಸಾಲಾಗಿದೆಯೇ ಎಂದು ನೋಡುತ್ತಿರಬೇಕು. ಒಳಗಿನವನು ಮುಂದೆ ನೋಡಿದರೆ ಖಂಡಿತ ಮುಂದೆ ಹೋಗುತ್ತಾನೆ, ನಿಮ್ಮ ಬಿಲ್ಲು ಅಲ್ಲಿಂದಲೇ ಶುರು. ಸಾಲಿನ ಮುಂದಾಳು ತಿರುಗಿದಾಗ ಅವನೇ ಒಳಗಿನವನಾಗುವಂತೆ ಹೆಣೆಯಿರಿ. ಮಾರ್ವಾರಿ ಚಿಕ್ಕ ಹೆಜ್ಜೆಯಲ್ಲಿ ನಿಂತಲ್ಲೇ ತಿರುಗಬಲ್ಲದು, ಅದಕ್ಕೆ ಹೇಳಿ ಮಾಡಿಸಿದ ಜಾಗ. ಉದ್ದ ಹೆಜ್ಜೆಯ ಥರೋಬ್ರೆಡ್ ಹೊರಗೆ. ಎರಡು ಕೈಗಳ ಒಳಗಿನ ಕುದುರೆಗಳು ಒಂದರ ಮೂತಿ ಇನ್ನೊಂದರ ಬಾಲದ ಕಡೆಗೆ ಇರುವಂತೆ ತೀರ ಹತ್ತಿರ ನಿಲ್ಲುತ್ತವೆ, ಒದೆಯುವ ಚಾಳಿಯದನ್ನು ಅಲ್ಲಿ ಇಡಲೇಬಾರದು. ಗಂಡು ಕುದುರೆಯನ್ನು ಹೆಣ್ಣಿನ ಪಕ್ಕಕ್ಕೂ ಹಾಕಬೇಡಿ, ಬೀಜ ಒಡೆಸಿದ್ದಾದರೆ ಚಿಂತೆಯಿಲ್ಲ.

ಗಾಲಿ ಎಡಕ್ಕೆ ಸುತ್ತಲಿ. ಈಟಿ ಬಲಗೈಯಲ್ಲಿರುವುದರಿಂದ ನಡುವಿನ ಇಕ್ಕಟ್ಟಿನಿಂದ ಹೊರಗಡೆಗೆ ಇರುತ್ತದೆ. ಎರಡು ಸುತ್ತು, 20 ಸೆಕೆಂಡು, ಅಲ್ಲಿಗೆ ಮುಗಿಸಿ. ಮೂರನೆಯದಕ್ಕೆ ಒಳಗಿನ ಕುದುರೆಗೆ ಬೇಸರ ಬಂದು ಕಾಲು ತಡವರಿಸುತ್ತದೆ.

ಬಾಗಲಕೋಟಿ ಹುಡುಗ (ಪಿಂಪ್ರಿ)

ಅಲಂಕಾರಕ್ಕ ಒಂದ ಸಣ್ಣ ಕೆಲಸ ಹೇಳ್ತೀನ್ರಿ. ಕೆನಡಾದವರ ಕುದರಿ ಪಿರ್ರಿ ಮ್ಯಾಲ ಮೇಪಲ್ ಎಲಿ ಮೂಡಸ್ತಾರ. ಎಲಿ ಆಕಾರ ಕತ್ತರಿಸಿದ ಅಚ್ಚು ಇಟ್ಟು, ಒದ್ದಿ ಬ್ರಷ್‌ಲೆ ಕೂದಲಿನ ವಿರುದ್ಧ ಒಂದ ಸಲ ಎಳೆದ್ರ ಆತು, ಬಣ್ಣ ಏನೂ ಇಲ್ಲ. ಬೆಳಕು ಬಿದ್ದಾಗ ಅಷ್ಟ ಕಾಣತದ. ನೀವು ಹಳೇ ಎಕ್ಸ್‌ರೇ ಹಾಳಿಯೊಳಗ ಗಂಡಭೇರುಂಡ ಕತ್ತರಿಸಿ ಅಚ್ಚು ಮಾಡ್ರಿ. ರೇಖಿ ದಪ್ಪ ಇರಲಿ, ಸಣ್ಣ ರೇಖಿ ಕೂದಲಿನ್ಯಾಗ ಕೂಡೂದಿಲ್ಲ. ಕಪ್ಪು, ಕಂದು ಕುದರಿ ಮ್ಯಾಲ ಚಲೋ ಮೂಡತದ, ಬಿಳಿ ಕುದರಿಗೆ ಕಾಣೂದಿಲ್ಲ. ಮೈದಾನಕ್ಕ ಹೋಗೂ ಹತ್ತ ನಿಮಿಷ ಮೊದಲ ಮಾಡ್ರಿ, ಬೆವರು ಬಂದ್ರ ಅಳಿಸಿ ಹೋಗತದ.

ಒದಿಯೂ ಕುದರಿ ಇದ್ರ ಬಾಲಕ್ಕ ಕೆಂಪು ರಿಬ್ಬನ್ ಕಟ್ಟೂದ ಮರೀಬ್ಯಾಡ್ರಿ, ತಾಲೀಮಿನ ದಿನಾನೂ.